ಕವಿತಾ ಬರೆದ ತಾರೀಖು

ಬೆಳಂಬಾರದ ಆಶಾ ಕಾರ್ಯಕರ್ತೆ ಕವಿತಾಗೆ ಬಸುರಿಯರ ಹೊಟ್ಟೆ ಒತ್ತಿ ನೋಡುವ ಅಧಿಕಾರವಿಲ್ಲ. ಅದು ನರ್ಸಮ್ಮನ ಕೆಲಸ. ಆಶಾ ಎಂದರೆ ಮನೆಮನೆ ತಿರುಗಬೇಕು, ಗುಳಿಗೆ ಹಂಚಬೇಕು, ತಾಯಿ ಕಾರ್ಡು ತುಂಬಬೇಕು, ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳಬೇಕು. ಆದರೆ ಗದ್ದೆ ಕೆಲಸದ ಮನೆಯ ಈ ಹೆಂಗಸಿನ ಅಜ್ಜಿ ಬೊಮ್ಮು ಊರಿಗೇ ಸೂಲಗಿತ್ತಿಯಾಗಿದ್ದವಳು. ಮೊಮ್ಮಗಳ ಅಂಗೈಯನ್ನು ತನ್ನ ಅಂಗೈ ಕೆಳಗಿಟ್ಟು ಕಲಿಸಿ ತೀರಿಕೊಂಡವಳು. ಆಶಾ ಕೆಲಸದ ಗುಲಾಬಿ ಸೀರೆ ಉಟ್ಟ ಮಾತ್ರಕ್ಕೆ ಕಲಿತ ಕೈ ಸುಮ್ಮನಿರುತ್ತದೆಯೇ?

ಏಪ್ರಿಲ್ ನಡುವಿನ ಆ ಬೆಳಿಗ್ಗೆ ಸುಮ್ಮನಿರಲಿಲ್ಲ. ಮೀನು ಮಾರುವ ವೈಜಯಂತಿಯ ಸೊಸೆ ಮನಿಷಾ ಚಾಪೆಯ ಮೇಲೆ ಮಲಗಿದ್ದಳು. ಚೊಚ್ಚಲ ಬಸುರಿ. ಮಗುವಿನ ಅಂಡು ಕೆಳಗಿದೆ, ತಲೆ ಮೇಲಿದೆ ಎಂದು ಎರಡು ವಾರದ ಹಿಂದೆಯೇ ನರ್ಸಮ್ಮ ಹೇಳಿದ್ದಳು. ಕಾರ್ಡು ನೋಡಿ, ಇನ್ನೂ ಸಮಯವಿದೆ, ತಾನಾಗೇ ತಿರುಗಬಹುದು ಎಂದೂ ಸೇರಿಸಿದ್ದಳು.

ಕವಿತಾ ಮನಿಷಾಳ ಪಕ್ಕೆಲುಬಿನ ಕೆಳಗೆ ಕೈಯಿಟ್ಟಳು. ಗಟ್ಟಿಯಾದ ಗುಂಡು. ಮೆಲ್ಲಗೆ ಅಲ್ಲಾಡಿಸಿದರೆ ಅದೊಂದೇ ಅಲ್ಲಾಡಿತು. ಅಂಡಾದರೆ ಮೈಯೆಲ್ಲ ಜೊತೆಗೆ ಬರುತ್ತದೆ, ತಲೆಯಾದರೆ ತಲೆ ಮಾತ್ರ ಎಂದು ಬೊಮ್ಮು ಹೇಳುತ್ತಿದ್ದಳು. ಮಗು ತಿರುಗಿರಲಿಲ್ಲ. ಅದಕ್ಕಿಂತ ಹೆದರಿಸಿದ್ದು ಅದರ ಗಾತ್ರ. ಕಾರ್ಡಿನಲ್ಲಿರುವಂತೆ ಎಂಟು ತಿಂಗಳು ತುಂಬದ ಮಗು ಇದಲ್ಲ.

"ರಾಮನಗುಳಿಲಿ ಒಬ್ಬಳು ಎಣ್ಣೆ ಹಚ್ಚಿ ತಿರುಗಸ್ತಾಳಂತೆ. ಬರೂ ತಿಂಗಳು ಕರ್ಕಂಡು ಹೋಗ್ತೆ. ಅವಸರ ಎಂತದು?" ಎಂದಳು ವೈಜಯಂತಿ.

ಕವಿತಾ ಸೊಸೆಯ ಕಡೆ ತಿರುಗಿದಳು. "ಮನಿಷಾ, ಕೊನೆಗೆ ಹೊರಗಾದದ್ದು ಯಾವಾಗ? ಇನ್ನೊಂದ್ಸಲ ಹೇಳು."

"ಆಗ್ಲೇ ಹೇಳಿದ್ನಲ್ಲ ಕವಿತಕ್ಕ. ಮಳೆಗಾಲದ ಬಿಡುವು ಮುಗ್ದು ಇವ್ರು ಮೊದ್ಲು ಬೋಟಿಗೆ ಹೋದ ದಿನ."

"ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹೋದದ್ದಲ್ವಾ? ನೂಲ ಹುಣ್ಣಿಮೆಗೆ?"

"ಇಲ್ಲಕ್ಕ. ಹೋದ ವರ್ಷ ಅಧಿಕ ಮಾಸ ಬಂದು ಹುಣ್ಣಿಮೆ ಒಂದು ತಿಂಗಳು ಮುಂದೆ ಹೋಯ್ತು. ಬೋಟು ಕಾಯ್ಲಿಲ್ಲ. ಸರ್ಕಾರದ ಮೀನುಗಾರಿಕೆ ಬಂದ್ ಮುಗಿದ ಮರುದಿನವೇ ಹೋದ್ರು."

ಕವಿತಾ ಕಾರ್ಡು ತೆಗೆದು ನೋಡಿದಳು. ತೆಂಗಿನಕಾಯಿ ಬಿಡದೆ ಬೋಟು ಕಡಲಿಗಿಳಿಯುವುದಿಲ್ಲ ಎಂದು ಗದ್ದೆಯವಳಾದ ಅವಳು ತಾನೇ ತೀರ್ಮಾನಿಸಿ, ಕ್ಯಾಲೆಂಡರಿನ ಹುಣ್ಣಿಮೆ ನೋಡಿ ಬರೆದಿದ್ದಳು. ಕೇಳಿದ್ದರೆ ಒಂದು ಮಾತಿನಲ್ಲಿ ತಿಳಿಯುತ್ತಿತ್ತು. ಕೇಳಿರಲಿಲ್ಲ. ವಾಂತಿಯೆಂದು ಮನಿಷಾ ಶಿರವಾಡದ ಅಣ್ಣನ ಮನೆಯಲ್ಲಿದ್ದಾಗ ಮೊದಲ ಸ್ಕ್ಯಾನ್ ಆಗಿತ್ತು. ಆ ಕಾಗದವನ್ನೂ ಯಾರೂ ತರಿಸಿರಲಿಲ್ಲ. ಕವಿತಾ ಈಗ ಫೋನು ಮಾಡಿದಳು. ಅಣ್ಣ ಆಶಿಷ ಫೋಟೋ ಕಳಿಸಿದ. ಹೆರಿಗೆ: ಮೇ ಎಂಟು. ಕಾರ್ಡಿನಲ್ಲಿ ಕವಿತಾಳ ದುಂಡಗಿನ ಅಕ್ಷರದಲ್ಲಿ: ಜೂನ್ ಆರು.

ಬರುವ ತಿಂಗಳಿಗೆ ಕಾದರೆ ರಾಮನಗುಳಿಯ ದಾರಿಯಲ್ಲೇ ನೋವು ಬರಬಹುದು. ಕಾಲು ಮುಂದಾಗಿ ಬಂದ ಮಗುವೊಂದರ ತಲೆ ಸಿಕ್ಕಿಕೊಂಡದ್ದನ್ನು ಬೊಮ್ಮು ಸಾಯುವವರೆಗೂ ನೆನೆದು ಅಳುತ್ತಿದ್ದಳು. ದೊಡ್ಡ ಡಾಕ್ಟರು ಇವತ್ತೇ ನೋಡಬೇಕಂತೆ ಎಂದು ಸುಳ್ಳು ಹೇಳಿ ಕರೆದೊಯ್ಯಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ವೈಜಯಂತಿ ಸುಳ್ಳನ್ನೂ ಹಳಸಿದ ಮೀನನ್ನೂ ದೂರದಿಂದಲೇ ಹಿಡಿಯುವವಳು. ಒಮ್ಮೆ ನಂಬಿಕೆ ಹೋದರೆ ಸೊಸೆಯನ್ನು ಬಾಗಿಲು ದಾಟಿಸುವುದಿಲ್ಲ.

"ವೈಜಯಂತಕ್ಕ, ತಪ್ಪು ನಂದು, ತಾರೀಖು ಒಂದು ತಿಂಗಳು ಮುಂದೆ ಬರ್ದೆ. ದಿನ ತುಂಬೂಕೆ ಮೂರೇ ವಾರ ಅದೆ. ಈಗ್ಲೇ ಕಾರವಾರಕ್ಕೆ ಹೋಗ್ಬೇಕು."

ವೈಜಯಂತಿಯ ಮುಖ ಕಪ್ಪಿಟ್ಟಿತು. "ನೀ ಬರ್ದದ್ದನ್ನ ನಂಬ್ಕಂಡು ಕೂತಿದ್ವಲ್ಲೇ! ನಿನ್ನ ಮಗಳಾಗಿದ್ರೆ ಹೀಗೇ ಬರೀತಿದ್ಯಾ?" ಕವಿತಾ ತಲೆ ತಗ್ಗಿಸಿ ನಿಂತಳು. ಬೈಗುಳ ಮುಗಿಯುವುದರೊಳಗೆ ವೈಜಯಂತಿ ಚಪ್ಪಲಿ ಮೆಟ್ಟಿ ರಿಕ್ಷಾ ಕರೆಯಲು ಓಡಿದ್ದಳು.

ಕಾರವಾರದ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಕವಿತಾ ಹೇಳಿದ ಹೊಸ ಲೆಕ್ಕವೇ ಸರಿ ಎಂದರು. ಹೊರಗಿಂದಲೇ ತಿರುಗಿಸಿ ನೋಡುವಾ ಎಂದರು. ಆಪರೇಷನ್ ಕೋಣೆ ಸಿದ್ಧವಿಟ್ಟುಕೊಂಡು, ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಎರಡೂ ಕೈಯಿಂದ ಮಗುವನ್ನು ಮುಂದಕ್ಕೆ ಲಾಗ ಹಾಕಿಸಲು ಒತ್ತಿದರು. ಮನಿಷಾ ಕವಿತಾಳ ಮಣಿಕಟ್ಟು ಹಿಡಿದುಕೊಂಡಳು. ಮಗು ಅರ್ಧ ತಿರುಗಿತು. ಯಂತ್ರದಲ್ಲಿ ಟಕಟಕನೆ ಓಡುತ್ತಿದ್ದ ಎದೆಬಡಿತ ನಿಧಾನವಾಯಿತು. ಇನ್ನೂ ನಿಧಾನ. ಡಾಕ್ಟರಮ್ಮ ಕೈ ತೆಗೆದರು. ಕವಿತಾ ಬಡಿತಗಳನ್ನು ಒಂದೊಂದಾಗಿ ಎಣಿಸಿದಳು, ಅಜ್ಜಿಯನ್ನು ಕರೆದಳು, ದೇವರನ್ನು ಕರೆದಳು.

ಬಡಿತ ಮೇಲೆದ್ದಿತು. ಮಗು ಮತ್ತೆ ಹಳೆಯ ಜಾಗಕ್ಕೇ ಜಾರಿ ಕೂತಿತ್ತು.

"ಇನ್ನು ಒತ್ತುವುದು ಬೇಡ. ಮೇ ಒಂದಕ್ಕೆ ಆಪರೇಷನ್. ಅದಕ್ಕೂ ಮೊದಲು ನೀರು ಹೋದರೆ, ನೋವು ಬಂದರೆ ಗಳಿಗೆಯೂ ಕಾಯಬೇಡಿ" ಎಂದರು ಡಾಕ್ಟರಮ್ಮ. ಆ ಎರಡು ವಾರ ಕವಿತಾ ಫೋನನ್ನು ದಿಂಬಿನಡಿ ಇಟ್ಟುಕೊಂಡೇ ಮಲಗಿದಳು. ಏಪ್ರಿಲ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಮನಿಷಾಗೆ ನೀರು ಹೋಯಿತು. ಈ ಸಲ ಯಾರೂ ಗಳಿಗೆ ಕಾಯಲಿಲ್ಲ. ಮಧ್ಯಾಹ್ನದೊಳಗೆ ಆಪರೇಷನ್ ಆಗಿ ಹೆಣ್ಣು ಮಗು.

ಜೂನ್ ಆರರಂದು ಕವಿತಾ ಮಗುವನ್ನು ತೂಗುವ ಜೋಳಿಗೆ ಹಿಡಿದು ಹೋದಾಗ ವೈಜಯಂತಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ಯುತ್ತಿದ್ದಳು. ಅಂದಿನಿಂದ ಅವಳು ಕವಿತಾ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಕವಿತಾ, ನೀ ಬರ್ದ ದಿನ ಇವತ್ತೇ ಅಲ್ವನೇ?"

"ಹೌದು ಅಕ್ಕ."

ವೈಜಯಂತಿ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಎದ್ದು ಬಂದು ಅವಳ ಕೈಗಿಟ್ಟಳು. "ಹಿಡ್ಕ. ನಿನ್ನ ಲೆಕ್ಕದಲ್ಲಿ ಇವತ್ತು ಹುಟ್ಟಿದ ಅಪ್ಪಿ."