ಅಸ್ತರಿನೊಳಗಿನ ಗಂಟು

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಅಂಥವಳು ಹಾಸನದ ಮನೆಯ ಹಿತ್ತಲಲ್ಲಿ ಕೂತು, ಕಂಡವರ ಹಳೇ ಚರ್ಮದ ಬ್ಯಾಗುಗಳನ್ನು ಬಿಚ್ಚಿ, ಒರೆಸಿ, ಬಣ್ಣ ಹಿಡಿಸಿಕೊಡುವ ಕೆಲಸಕ್ಕೆ ಯಾಕೆ ಇಳಿದೆನೋ ನನಗೇ ತಿಳಿಯದು. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ, ಕೈ ಕುದುರಿತು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಬಳಿದು, ಬೂಷ್ಟು ಹಿಡಿಸಿಕೊಂಡು ತರುವವರನ್ನು ಬೈಯುವಾಗ ಮಾತ್ರ ನನಗೆ ಹೆದರಿಕೆ ಆಗುವುದಿಲ್ಲ.

ನಮ್ಮದು ಲಿಂಗ ಕಟ್ಟುವ ಮನೆ. ಚರ್ಮ ಹೊಸಿಲು ದಾಟಿ ಒಳಗೆ ಬರಕೂಡದೆಂದು ನಮ್ಮತ್ತೆ ಇದ್ದಾಗಲೇ ಕಟ್ಟು ಮಾಡಿದ್ದರು. "ನೀ ಏನಾರ ಮಾಡ್ಕ, ದ್ಯಾವ್ರ ಮನೆ ಕಡೀಕೆ ಆ ತೊಗಲು ತರಬ್ಯಾಡ ಕಣವ್ವ," ಎನ್ನುತ್ತಿದ್ದರು. ಅವರು ಹೋದ ಮೇಲೂ ನನ್ನ ಕಾರ್ಖಾನೆ ಹಿತ್ತಲಿನ ಶೀಟಿನ ಕೆಳಗೇ ಉಳಿಯಿತು.

ಅಲ್ಲಿಗೆ ಚನ್ನರಾಯಪಟ್ಟಣದ ಹೈಸ್ಕೂಲು ಟೀಚರೊಬ್ಬಳು ತನ್ನ ತಾಯಿಯ ಬ್ಯಾಗು ತಂದಳು. ಹಣೆಯ ವಿಭೂತಿ ನೋಡಿ ನಮ್ಮವಳೇ ಅಂದುಕೊಂಡೆ. ತಾಯಿಯೂ ಮೇಷ್ಟ್ರಮ್ಮ, ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಯ ಶಾಲೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವರು, ಹೋದ ವರ್ಷ ತೀರಿಕೊಂಡಿದ್ದರು. ಕಂದು ಬಣ್ಣದ, ಹಿತ್ತಾಳೆ ಕೊಂಡಿಯ, ಈಗ ಎಲ್ಲೂ ಸಿಗದ ಗಟ್ಟಿ ಮಾಲು.

"ನಮ್ಮವ್ವ ಇದನ್ನ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ ಅಕ್ಕ. ಚೆನ್ನಾಗ್ ಮಾಡ್ಕೊಡಿ, ನಾನು ಹಾಕ್ಕಂಡು ಸ್ಕೂಲಿಗೆ ಹೋಯ್ತೀನಿ," ಅಂದಳು.

ಒಣ ಬ್ರಷ್ಷಿನಲ್ಲಿ ಧೂಳು ಕೊಡವಿ, ಚರ್ಮದ ಸೋಪಿನ ನೊರೆ ಹಚ್ಚಿ ಒರೆಸಿ, ನೆರಳಿನಲ್ಲಿ ಆರಲು ಇಟ್ಟೆ. ಚರ್ಮ ಬದುಕಿಕೊಂಡಿತು. ಒಳಗಿನ ಅಸ್ತರು ಮಾತ್ರ ಲಡ್ಡಾಗಿತ್ತು, ಬದಲಾಯಿಸದೆ ಗತಿಯಿರಲಿಲ್ಲ. ಸುತ್ತಲೂ ಮಿಷನ್ ಹೊಲಿಗೆ. ತಳದ ಮೂಲೆಯಲ್ಲಿ ಮಾತ್ರ ಬಿಳಿ ದಾರದ ಕೈಹೊಲಿಗೆ, ಒತ್ತೊತ್ತಾಗಿ ಹಾಕಿದ್ದು. ಅಲ್ಲಿ ಕತ್ತರಿ ಆಡಿಸಿದ್ದೇ ಒಂದು ಬಟ್ಟೆಯ ಗಂಟು ಮಡಿಲಿಗೆ ಬಿತ್ತು. ಹಳೇ ಬ್ಯಾಗುಗಳಲ್ಲಿ ಬಸ್ ಟಿಕೆಟ್ಟು, ಮಾತ್ರೆ, ಹೇರ್‌ಪಿನ್ನು ಎಷ್ಟೋ ಸಿಕ್ಕಿವೆ. ಇದೂ ಅಂಥದ್ದೇ ಇರಬೇಕೆಂದು ಬಿಚ್ಚಿದೆ. ಕಪ್ಪನೆಯ ಲಿಂಗ. ಅದರೊಟ್ಟಿಗೆ ಸುತ್ತಿಟ್ಟ ಶಿವದಾರ.

ತೊಗಲಿನ ಚೀಲದೊಳಗೆ ಲಿಂಗ! ನೆಲಕ್ಕಿಡುವ ಹಾಗಿಲ್ಲ, ಬ್ಯಾಗಿನೊಳಕ್ಕೆ ಹಾಕುವ ಹಾಗಿಲ್ಲ, ದೇವರ ಮನೆಗೆ ಒಯ್ಯಲು ಧೈರ್ಯವಿಲ್ಲ. ಕೈ ತೊಳೆದು, ಹಿತ್ತಾಳೆ ತಟ್ಟೆಯಲ್ಲಿ ಪತ್ರೆ ಹಾಸಿ ಅದರ ಮೇಲಿಟ್ಟೆ. ಬೆಕ್ಕು ಬಂದೀತೆಂದು ಕೋಲು ಹಿಡಿದು ಕಾವಲು ಕೂತೆ.

ಕೂತ ಮೇಲೆ ನಿಜವಾದ ಭಯ ಶುರುವಾಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅವರು ಬದುಕಿಡೀ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಆ ಮೇಷ್ಟ್ರಮ್ಮನ ಲಿಂಗ ಇಲ್ಲಿದ್ದರೆ ಅಲ್ಲಿ ಅವರ ಕೈಯಲ್ಲಿ ಏನಿದೆ? ನೀನು ಹೆತ್ತವ್ವನನ್ನು ಬರಿಗೈಯಲ್ಲಿ ಮಣ್ಣಿಗಿಟ್ಟೆ ಎಂದು ಮಗಳಿಗೆ ನಾನು ಯಾವ ಬಾಯಲ್ಲಿ ಹೇಳಲಿ? ಹೇಳದೆ ಹೊಸ ಅಸ್ತರಿನೊಳಗೆ ಹೊಲಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸೂಜಿಗೆ ದಾರ ಕೂಡ ಪೋಣಿಸಿದೆ. ಆದರೆ ನನ್ನ ಕೊರಳಲ್ಲೂ ಒಂದು ಲಿಂಗವಿದೆಯಲ್ಲ, ಅದು ಸುಮ್ಮನಿರಬೇಕಲ್ಲ! ಸೂಜಿ ಬದಿಗಿಟ್ಟು, "ಒಂಚೂರು ಬಂದು ಹೋಗವ್ವ," ಎಂದು ಟೀಚರಿಗೆ ಫೋನು ಮಾಡಿದೆ.

ಬಂದವಳು ನನ್ನ ಮುಖ ನೋಡಿ ತಾನೂ ಗಾಬರಿಯಾದಳು. "ಯಾಕಕ್ಕ, ಬ್ಯಾಗ್ ಹರಿದೋಯ್ತಾ?"

ನಾನು ತಟ್ಟೆ ತೋರಿಸಿದೆ, ಅಸ್ತರಿನ ಮೂಲೆ ತೋರಿಸಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬಲವಾಗಿ ತಲೆಯಾಡಿಸಿದಳು.

"ಇಲ್ಲ ಅಕ್ಕ. ಅವ್ವನ್ ಲಿಂಗನ ಅವ್ರ ಕೈಗೆ ಇಟ್ಟೋಳು ನಾನೇ. ಮಠದ ಅಯ್ನೋರು ನನ್ ಕೈಲೇ ಇಡ್ಸಿದ್ರು."

ಹೋದ ಜೀವ ಬಂದಂತಾಯಿತು. ಆದರೆ ಎಷ್ಟು ಹೊತ್ತು? "ಹಂಗಾದ್ರೆ ಇದು ಯಾರ್ದು?" ಎಂದು ಅವಳು ಕೇಳಿದ್ದೇ ನಾನು ಮತ್ತೆ ಕೋಲು ಹಿಡಿದುಕೊಂಡೆ.

ಅವಳು ಶಿವದಾರ ತೆಗೆದು ಬಿಡಿಸಿದಳು. ಗಾಬರಿಯಲ್ಲಿ ನಾನದನ್ನು ಬಿಚ್ಚಿ ನೋಡಿಯೇ ಇರಲಿಲ್ಲ. ಗಂಟು ಹಾಕಿದ ದಾರ, ಆದರೆ ಯಾರ ತಲೆಯೂ ತೂರದಷ್ಟು ಗಿಡ್ಡ. ಅವಳು ಅದನ್ನು ಕೈಗೆ ಹಾಕಿಕೊಳ್ಳಲು ನೋಡಿದಳು; ಹೆಬ್ಬೆರಳ ಬುಡದಲ್ಲೇ ನಿಂತಿತು.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ನಮ್ಮ ಕೆಲವು ಮನೆಗಳಲ್ಲಿ ಬಸುರಿಗೆ ಎಂಟು ತುಂಬುವಾಗ ಅಯ್ಯನವರನ್ನು ಕರೆಸಿ, ಹೊಟ್ಟೆಯೊಳಗಿನ ಕೂಸಿಗೆಂದು ಲಿಂಗ ಕೊಡಿಸುತ್ತಾರೆ. ಹುಟ್ಟುವ ತನಕ ಅದು ತಾಯಿಯ ಮೈಮೇಲಿರುತ್ತದೆ, ಹುಟ್ಟಿದ ಮೇಲೆ ಕೂಸಿನದಾಗುತ್ತದೆ. ಈ ಕೂಸಿನ ತೋಳಿಗೆಂದು ತಾಯಿ ದಾರವನ್ನೂ ಹೊಸೆದಿಟ್ಟಿದ್ದರು.

"ನಂಗಿಂತ ಮುಂಚೆ ಒಂದ್ ಕೂಸು ಆಗಿ ಹೋಯ್ತು ಅಂತ ದೊಡ್ಡವ್ವ ಒಂದ್ಸಲ ಅಂದಿದ್ರು," ಅಂದಳು. "ಅವ್ವನ್ನ ಕೇಳ್ದೆ. ಕೆನ್ನೆಗೆ ಬಿಟ್ರು. ಆಮೇಲೆ ಅವ್ರೇ ಕೂತ್ಕಂಡು ಅತ್ರು."

ಅಯ್ಯನವರಿಗೆ ಫೋನು ಮಾಡಿದಳು. ತಾಯಿಯ ಹತ್ತಿರವೇ ಸೇರಿಸಿಬಿಡಿ ಅಂದರಂತೆ. "ಅಕ್ಕ, ಒಬ್ಳೇ ಹೋಗಕ್ಕೆ ಭಯ ಆಯ್ತದೆ. ನೀವೂ ಬನ್ನಿ," ಅಂದಳು. ಕೇಳಿಕೇಳಿ ನನ್ನನ್ನು! ಹಗಲು ಹೊತ್ತಲ್ಲೂ ಸಮಾಧಿ ಕಂಡರೆ ರಸ್ತೆ ದಾಟಿ ನಡೆಯುವವಳು ನಾನು. ಆದರೂ ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಅವಳ ಸ್ಕೂಟರಿನ ಹಿಂದೆ ಕೂತು, ಗಂಟನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ದಂಡಿಗನಹಳ್ಳಿಯ ಹತ್ತಿರದ ಅವರ ಹೊಲದ ತನಕ ಶಿವಶಿವಾ ಅನ್ನುತ್ತಲೇ ಹೋದೆ.

ತೆಂಗಿನ ಸಾಲಿನ ಪಕ್ಕದಲ್ಲಿ ಮಣ್ಣಿನ ದಿಬ್ಬ, ಅದರ ಮೇಲೊಂದು ಕಲ್ಲು. ಅವಳು ಸಣ್ಣ ಗುದ್ದಲಿ ಹಿಡಿದು ದಿಬ್ಬದ ಮುಂದೆ ನಿಂತಳು.

"ಅವ್ವನ್ನ ಮೂಡ್ಲಾಗಿ ಕೂರ್ಸಿದ್ರು," ಅಂದಳು.

ಮೂಡಲಿಗೆ ಮುಖವಿದ್ದರೆ ಎಡಗೈ ಬಡಗಲಿಗೆ ಬರುತ್ತದೆ. ನಾನು ಲೆಕ್ಕ ಹಾಕಿ ಆ ಕಡೆ ಸರಿದು, "ಇಲ್ಲಿ ಅಗಿಯವ್ವ," ಎಂದು ತೋರಿಸಿದೆ.

"ಆ ಕೈಲಿ ಅವ್ರದ್ದು ಐತಲ್ಲ ಅಕ್ಕ," ಅಂದಳು. "ಬಲಗೈ ಖಾಲಿ ಐತೆ."

ದಿಬ್ಬ ಬಳಸಿ ತೆಂಕಲ ಕಡೆಗೆ ಬಂದು, ಮಂಡಿಯೂರಿ ಅಗೆಯತೊಡಗಿದಳು.