ಖಾಲಿ ನಿವೇಶನದ ಡೊಂಕು ದಾರಿ

ಮನೆಯನ್ನು ದವಾಖಾನೆ ಮಾಡಬೇಕೆನ್ನುವವರು, ಗೋದಾಮನ್ನು ಶಾಲೆಯಾಗಿಸಬೇಕೆನ್ನುವವರು, ಖಾಲಿ ಜಾಗದಲ್ಲಿ ಷೆಡ್ಡು ಎತ್ತಬೇಕೆನ್ನುವವರು, ಹೀಗೆ ಯಾರಿಗೇ ಆಗಲಿ ಜಾಗದ ಬಳಕೆ ಬದಲಿಸಬೇಕಿದ್ದರೆ ನಗರ ಯೋಜನಾ ಕಚೇರಿಗೆ ಅರ್ಜಿ ಹಾಕಬೇಕು. ಕಚೇರಿ ಹೂಂ ಎನ್ನುವ ಮೊದಲು, ಅಥವಾ ಊಹೂಂ ಎನ್ನುವ ಮೊದಲು, ಆ ಜಾಗದಲ್ಲೇ ಮೂವತ್ತು ದಿನ ಒಂದು ನೋಟಿಸು ನಿಂತಿರಬೇಕು: ಇಲ್ಲಿ ಇಂಥದ್ದು ಬರಲಿದೆ, ತಕರಾರಿದ್ದವರು ಬರೆದು ತಿಳಿಸಿ. ಆ ನೋಟಿಸನ್ನು ಒಯ್ದು ನಿಲ್ಲಿಸಿ ಬರುವವಳೇ ನೋಟಿಸಕ್ಕ.

ಐವತ್ತೆರಡರ ಹೆಂಗಸು. ಹೆಗಲಿಗೊಂದು ಕ್ಯಾನ್ವಾಸು ಚೀಲ, ಅದರಲ್ಲಿ ಅಂಟಿನ ಡಬ್ಬ, ಕುಂಚ, ಸುತ್ತಿಗೆ, ಒಂದು ಹಿಡಿ ಮೊಳೆ, ಅಳತೆಯ ಟೇಪು. ಟೇಪು ಕೆಲಸಕ್ಕೆ ಬೇಕಾದದ್ದಲ್ಲ. ಅದು ಹಳೆಯ ಚಟ. ಕಚೇರಿಗೆ ಸೇರಿದ ಹೊಸತರಲ್ಲಿ ಅವಳು ನಕ್ಷೆ ವಿಭಾಗದಲ್ಲಿದ್ದಳು. ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವ ಕೆಲಸ. ಉಸಿರು ಬಿಗಿಹಿಡಿದು ಒಂದು ಬೀದಿ ಎಳೆದರೆ, ಉಸಿರು ಬಿಟ್ಟು ಇನ್ನೊಂದು. ಕಂಪ್ಯೂಟರ್ ಬಂದಾಗ ಗಾಜಿನ ಮೇಜುಗಳು ಗುಜರಿಗೆ ಹೋದವು, ಗೆರೆ ಎಳೆಯುವವರು ಚೆಲ್ಲಾಪಿಲ್ಲಿಯಾದರು. ಒಬ್ಬಳು ಟಪಾಲಿಗೆ ಹೋದಳು, ಒಬ್ಬ ಕ್ಯಾಂಟೀನಿನ ಉಸ್ತುವಾರಿಗೆ. ಇವಳ ಪಾಲಿಗೆ ಅಂಟಿನ ಡಬ್ಬ ಬಂತು.

ಮೊದಮೊದಲು ಕಣ್ಣೀರು ಹಾಕಿದ್ದೂ ಉಂಟು. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ, ತಾನು ಇಷ್ಟು ವರ್ಷ ಎಳೆದ ಬೀದಿಗಳಲ್ಲಿ ಒಂದನ್ನೂ ಕಾಲಿಂದ ನಡೆದು ನೋಡಿರಲಿಲ್ಲ ಎನ್ನುವುದು ಅವಳಿಗೆ ಹೊಳೆಯಿತು. ಅಂದಿನಿಂದ ನೋಟಿಸು ಹಾಕಿದ ಮೇಲೂ ಅರ್ಧ ಗಂಟೆ ಅಲ್ಲೇ ಸುತ್ತಿ, ಗೇಟು, ಮೋರಿ, ತಿರುವು ನೋಡಿಕೊಂಡು ಬರುವುದು ರೂಢಿಯಾಯಿತು.

ಹೀಗಿರುವಾಗ ಒಂದು ವರ್ಷ ಒಬ್ಬ ಬಡಗಿ ಅರ್ಜಿ ಹಾಕಿದ. ಎರಡು ಬೀದಿಗಳ ಮಧ್ಯೆ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳ ಸಾಲು, ಆ ಸಾಲಿನಲ್ಲಿ ಒಂದು ಖಾಲಿ ನಿವೇಶನ. ಹಿಂದಿನ ಮಾಲೀಕ ದೂರದಲ್ಲೆಲ್ಲೋ ಇದ್ದು, ವರ್ಷಗಟ್ಟಲೆ ಇತ್ತ ತಲೆಹಾಕಿರಲಿಲ್ಲ. ಅವನಿಂದ ಕೊಂಡ ಬಡಗಿಗೆ ಅಲ್ಲಿ ಮರಗೆಲಸದ ಷೆಡ್ಡು ಹಾಕಬೇಕಿತ್ತು. ಅಲ್ಲಿಯವರೆಗೆ ಅವನು ಕೆಲಸ ಮಾಡುತ್ತಿದ್ದದ್ದು ಪಕ್ಕದ ಬೀದಿಯ ಬಾಡಿಗೆ ಷೆಡ್ಡಿನಲ್ಲಿ. ನೋಟಿಸಕ್ಕ ಎಂದಿನಂತೆ ಎರಡೂ ಬೀದಿಯ ಕಡೆ ಒಂದೊಂದು ನೋಟಿಸು ನಿಲ್ಲಿಸಿ ಬಂದಳು. ಇಂಥ ಅರ್ಜಿಗೆ ಎರಡು ಆಕ್ಷೇಪಣೆ ಬಂದರೆ ಹೆಚ್ಚು. ಇದಕ್ಕೆ ಮೂವತ್ತೆಂಟು ಬಂದವು.

ಲಕೋಟೆಗಳನ್ನು ಬಿಡಿಸಿ ಕಡತಕ್ಕೆ ಪೋಣಿಸುವುದೂ ಅವಳದೇ ಕೆಲಸ. ಪೋಣಿಸುತ್ತಾ ಓದಿದಳು. ಎಲ್ಲದರಲ್ಲೂ ಒಂದೇ ಮಾತು: ಗರಗಸದ ಸದ್ದು, ಸದ್ದು, ಸದ್ದು. ಅವಳಿಗೆ ತಲೆ ಕೆರೆಯುವಂತಾಯಿತು. ಬಡಗಿ ಅದೇ ಗರಗಸವನ್ನು ಹನ್ನೊಂದು ವರ್ಷದಿಂದ ಪಕ್ಕದ ಬೀದಿಯಲ್ಲೇ ಓಡಿಸುತ್ತಿದ್ದಾನೆ. ಹಳೆಯ ದೂರಿನ ಪುಸ್ತಕ ತೆಗೆದು ನೋಡಿದರೆ ಅವನ ಮೇಲೆ ಒಂದೇ ಒಂದು ಸಾಲಿನ ದೂರಿಲ್ಲ. ಹನ್ನೊಂದು ವರ್ಷ ಕೇಳಿಸದ ಸದ್ದು ಮೂವತ್ತು ದಿನದಲ್ಲಿ ಕೇಳಿಸಿದ್ದು ಹೇಗೆ?

ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. ಸಂಜೆ ಚಹಾ ಹೀರುತ್ತಾ ಅವಳು ಸುದ್ದಿ ತೆಗೆದಳು.

"ಅದ್ಯಾವ ಜಾಗ, ಆ ಔಷಧಿ ಅಂಗಡಿ ಸ್ಟಾಪಿನ ಹತ್ರದ್ದಾ?" ಅಂದ ಅವನು. "ಅಲ್ಲೊಂದು ವಿಚಿತ್ರ ಕಣೇ. ಬೆಳಿಗ್ಗೆ ಬಸ್ ನಿಲ್ಲಿಸಿದ್ರೆ ಜನ ಬೀದಿಯಿಂದ ಬರೋದೇ ಇಲ್ಲ. ಮನೆಗಳ ಮಧ್ಯದಿಂದ ಉದುರಿದ ಹಾಗೆ ಬರ್ತಾರೆ. ನಾನೂ ಎಷ್ಟೋ ಸಲ ಅಂದ್ಕೊಂಡಿದೀನಿ, ಇವರೆಲ್ಲ ಎಲ್ಲಿಂದ ಬರ್ತಾರಪ್ಪಾ ಅಂತ."

"ಇಷ್ಟು ದಿನ ಹೇಳೇ ಇಲ್ವಲ್ಲ ನೀವು!"

"ನೀನು ಕೇಳಿದ್ರೆ ತಾನೇ."

ಮರುದಿನವೇ ಅವಳು ಮತ್ತೆ ಆ ನಿವೇಶನಕ್ಕೆ ಹೋದಳು. ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಹಿಂದಿನ ಸಲ ಗಮನಿಸದೇ ಹೋದದ್ದು ಈಗ ಕಣ್ಣಿಗೆ ಹೊಡೆಯಿತು: ಹುಲ್ಲಿನ ನಡುವೆ ಒಂದು ಬೀದಿಯಿಂದ ಇನ್ನೊಂದು ಬೀದಿಯವರೆಗೆ ಬೋಳು ನೆಲದ ಪಟ್ಟಿ, ಸವೆದು ಗಟ್ಟಿಯಾಗಿತ್ತು. ಟೇಪು ಹಿಡಿದಳು, ಎರಡೂವರೆ ಅಡಿ ಅಗಲ. ಆದರೆ ಆ ದಾರಿ ನೆಟ್ಟಗಿರಲಿಲ್ಲ. ನಡುವೆ ಬಂದು ಬಿಲ್ಲಿನಂತೆ ಬಾಗಿ, ಆಮೇಲೆ ಮತ್ತೆ ನೆಟ್ಟಗಾಗುತ್ತಿತ್ತು. ಬಾಗಿದ ಕಡೆ ಕಲ್ಲಿಲ್ಲ, ಮರವಿಲ್ಲ, ಗುಂಡಿಯೂ ಇಲ್ಲ. ಬರೀ ಹುಲ್ಲು. ಏನೂ ಇಲ್ಲದ್ದನ್ನು ಜನ ಯಾಕೆ ಸುತ್ತಿಹೋಗುತ್ತಾರೆ?

ಪಕ್ಕದ ಮನೆಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಬಟ್ಟೆಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು.

"ಅಜ್ಜಿ, ಇಲ್ಲಿ ಯಾರು ಓಡಾಡ್ತಾರೆ?"

"ಇಲ್ಲೇ? ಯಾರೂ ಇಲ್ಲಮ್ಮ. ಬೇರೆಯವರ ಜಾಗದಲ್ಲಿ ಯಾಕೆ ಓಡಾಡ್ತಾರೆ," ಅಂದಳು ಅಜ್ಜಿ. ಅವಳ ಮಾತು ಮುಗಿಯುವ ಮೊದಲೇ ಒಬ್ಬ ಅಂಚೆಯವನು ಸೈಕಲ್ಲು ತಳ್ಳಿಕೊಂಡು ಆ ಕಡೆಯಿಂದ ಬಂದು, ಬಾಗಿದಲ್ಲಿ ಬಾಗಿ, ಈ ಕಡೆ ಹೊರಟುಹೋದ. ಅಜ್ಜಿ ತಲೆ ಎತ್ತದೆ ಗುಂಡಿ ಹೊಲಿದಳು. ನೋಟಿಸಕ್ಕ ನಗು ನುಂಗಿಕೊಂಡಳು. ಗುಟ್ಟು ಅರ್ಧ ಬಿಚ್ಚಿಕೊಂಡಿತ್ತು. ಷೆಡ್ಡು ಎದ್ದರೆ ದಾರಿ ಮುಚ್ಚುತ್ತದೆ. ಆದರೆ ದಾರಿ ಬೇಕು ಎಂದು ಬರೆದುಕೊಟ್ಟರೆ, ಇಷ್ಟು ವರ್ಷ ಪರರ ಜಾಗ ತುಳಿದದ್ದನ್ನು ತಾವೇ ಒಪ್ಪಿಕೊಂಡಂತೆ. ಅದಕ್ಕೇ ಪಾಪ ಗರಗಸದ ಮೇಲೆ ಗೂಬೆ ಕೂರಿಸಿದ್ದರು.

ಅವಳು ಒಂದು ದಿನ ರಜೆ ಹಾಕಿ, ಮಡಚುವ ಸ್ಟೂಲು ಒಯ್ದು ಬೆಳಿಗ್ಗೆ ಆರಕ್ಕೆ ಅಲ್ಲಿ ಕೂತಳು. ಒಂಬತ್ತರವರೆಗೆ ಲೆಕ್ಕ ಹಾಕಿದಳು: ಇನ್ನೂರಹನ್ನೊಂದು ಜನ. ಅವರಲ್ಲಿ ಶಾಲೆಯ ಮಕ್ಕಳು, ಬಿಳಿ ಕೋಲು ಹಿಡಿದ ಒಬ್ಬ ಕುರುಡ, ಗಾಲಿಕುರ್ಚಿ ತಳ್ಳಿಕೊಂಡು ಬಂದ ಒಬ್ಬ ಮಗಳು. ಬೀದಿ ಸುತ್ತಿ ಬಸ್ ಸ್ಟಾಪಿಗೆ ಹೋಗುವುದಾದರೆ ಹದಿನಾಲ್ಕು ನಿಮಿಷ. ಇಲ್ಲಿಂದ ಮೂರೇ ನಿಮಿಷ. ಅದನ್ನೂ ಅವಳು ನಡೆದೇ ನೋಡಿದಳು.

ಆ ಲೆಕ್ಕದ ಚೀಟಿ ಹಿಡಿದು ಯೋಜನಾಧಿಕಾರಿಯ ಕೋಣೆಗೆ ಹೋದಳು. ಆತ ಕೆಟ್ಟವನಲ್ಲ, ಮೇಜಿನ ಮೇಲೆ ಕಡತದ ಗುಡ್ಡವಿದ್ದ ಮನುಷ್ಯ.

"ಅಕ್ಕಾ, ನಿಮ್ಮ ಕೆಲಸ ನೋಟಿಸು ಹಾಕೋದಲ್ವಾ?" ಅಂದ. "ನಕ್ಷೆಯಲ್ಲಿ ದಾರಿ ಇಲ್ಲ ಅಂದ್ಮೇಲೆ ಇಲ್ಲ. ಖಾಲಿ ನಿವೇಶನ ಅಂತ ವರದಿ ಹೋಗಿದೆ. ಮುಂದಿನ ವಾರ ಅಹವಾಲು ಸಭೆ. ಈಗ ಹೊಸದಾಗಿ ಏನೂ ಕೆದಕಬೇಡಿ."

"ಈಗಿನ ನಕ್ಷೆಯಲ್ಲಿ ಇಲ್ಲ ಸಾರ್. ಹಳೇದರಲ್ಲಿ?"

"ಹಳೇದು ಯಾರ ಹತ್ರ ಇದೆ?"

ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ದಾಖಲೆ ಕೋಣೆಯ ಮೂಲೆಯಲ್ಲಿ ತಗಡಿನ ಕೊಳವೆಗಳಲ್ಲಿ ಸುತ್ತಿಟ್ಟ ಬಟ್ಟೆಯ ನಕ್ಷೆಗಳಿದ್ದವು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎರಡು ದಿನ ಹುಡುಕಿದಳು. ಮೂರನೆಯ ದಿನ ಆ ಬಡಾವಣೆಯ ಹಾಳೆ ಸಿಕ್ಕಿತು. ನಿವೇಶನದ ನಡುವೆ ಚುಕ್ಕೆಚುಕ್ಕೆಯ ಗೆರೆ, ಅಂದರೆ ಕಾಲುದಾರಿ. ಅದು ಬಾಗಿದ ಕಡೆ ಒಂದು ಪುಟ್ಟ ವೃತ್ತ, ವೃತ್ತದೊಳಗೆ ಒಂದು ಅಡ್ಡಗೆರೆ. ಇಡೀ ಕಚೇರಿಯಲ್ಲಿ ಆ ಗುರುತನ್ನು ಓದಬಲ್ಲವರು ಈಗ ಇಬ್ಬರೋ ಮೂವರೋ. ಅದು ಬಾವಿ.

ಕಂಪ್ಯೂಟರಿಗೆ ಏರಿಸುವಾಗ ಗಟ್ಟಿ ಗೆರೆಗಳನ್ನಷ್ಟೇ ಏರಿಸಿದ್ದರು. ಚುಕ್ಕೆಗಳು ಹೊರಗೇ ಉಳಿದಿದ್ದವು.

ಅವಳು ಅಂಗಡಿಯಿಂದ ಟ್ರೇಸಿಂಗ್ ಹಾಳೆ ತಂದಳು. ಎಷ್ಟೋ ವರ್ಷದ ಮೇಲೆ ಉಸಿರು ಬಿಗಿಹಿಡಿದು ಆ ವೃತ್ತವನ್ನು ಎಳೆದಳು, ಕೈ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಅದನ್ನು ಬಡಗಿ ಕೊಟ್ಟಿದ್ದ ಷೆಡ್ಡಿನ ನಕ್ಷೆಯ ಮೇಲಿಟ್ಟಳು. ಇಟ್ಟವಳೇ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು. ದೊಡ್ಡ ಗರಗಸದ ಯಂತ್ರ ಕೂರುವ ಜಾಗ ಸರಿಯಾಗಿ ಆ ವೃತ್ತದ ಮೇಲೇ ಬಂದಿತ್ತು.

ಕಚೇರಿ ಬಿಟ್ಟವಳು ನೇರ ಅಜ್ಜಿಯ ಮೆಟ್ಟಿಲಿಗೆ ಹೋದಳು. ಈ ಸಲ ಓಡಾಟದ ಮಾತೇ ಎತ್ತಲಿಲ್ಲ.

"ಅಜ್ಜಿ, ಇಲ್ಲೊಂದು ಬಾವಿ ಇತ್ತಲ್ವಾ?"

ಅಜ್ಜಿಯ ಸೂಜಿ ನಿಂತಿತು. "ನಿನಗ್ಯಾರು ಹೇಳಿದ್ರು? ನಾನು ಮದುವೆಯಾಗಿ ಬಂದಾಗ ಅದ್ರಲ್ಲೇ ನೀರು ಸೇದ್ತಿದ್ದೆ. ಆಮೇಲೆ ನಲ್ಲಿ ಬಂತು, ಬಾವಿ ಬತ್ತಿತು. ಮುರಿದ ಹೆಂಚು, ಹಳೇ ಹಾಸಿಗೆ, ಕಸ, ಏನು ಸಿಕ್ತೋ ಅದನ್ನ ಹಾಕಿ ಮುಚ್ಚಿದ್ರು. ಮುಚ್ಚಿದ್ಮೇಲೂ ಮಕ್ಕಳಿಗೆ ಅದರ ಮೇಲೆ ಕಾಲಿಡಬೇಡಿ ಅಂತ ಗದರ್ತಿದ್ವಿ. ಆ ಮಕ್ಕಳು ಅವರ ಮಕ್ಕಳಿಗೆ ಗದರಿದ್ರು. ಯಾಕೆ ಅಂತ ಈಗ ಯಾರಿಗೂ ನೆನಪಿಲ್ಲ, ಸುತ್ತಿ ಹೋಗ್ತಾರೆ ಅಷ್ಟೆ." ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಂದ್ರೆ... ಹೋಗೋರಿದ್ರೆ," ಅಂದಳು.

ಮಾರನೆಯ ಬೆಳಿಗ್ಗೆ ಟ್ರೇಸಿಂಗ್ ಹಾಳೆಯನ್ನು ಯಂತ್ರದ ಜಾಗದ ಮೇಲೆ ಇಟ್ಟು ತೋರಿಸಿದಾಗ ಯೋಜನಾಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಕೂತ್ಕೊಳ್ಳಿ ಅಕ್ಕಾ," ಅಂದ. ಅವನ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಎರಡೇ ದಿನದಲ್ಲಿ ಮಣ್ಣು ಪರೀಕ್ಷೆಯವರು ಬಂದು ಕೊಳವೆ ಇಳಿಸಿದರು. ಸುತ್ತಲಿನ ನೆಲ ಗಟ್ಟಿ, ಅಲ್ಲಿ ಮಾತ್ರ ಮೂವತ್ತಡಿ ಆಳದವರೆಗೆ ಕೊಳವೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನೋಡುತ್ತಾ ನಿಂತಿದ್ದ ಬಡಗಿ ಒಂದು ಹೆಜ್ಜೆ ಹಿಂದೆ ಸರಿದ.

"ಷೆಡ್ಡು ಎದ್ದಿದ್ರೆ ಅಲ್ಲೇ ನಾನು ನಿಲ್ತಿದ್ದೆ," ಅಂದ. "ದಿನಾ ಎಂಟು ಗಂಟೆ."

ಅಹವಾಲು ಸಭೆಗೆ ಮೂವತ್ತೆಂಟು ಜನರೂ ಬಂದರು, ಮನೆಯವರನ್ನೂ ಕರೆತಂದರು. ಅಹವಾಲು ಕೇಳುವ ಸಮಿತಿಯ ಅಧ್ಯಕ್ಷೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ. ಒಬ್ಬರಾದ ಮೇಲೊಬ್ಬರು ಎದ್ದು ಸದ್ದು, ಸದ್ದು ಅಂದರು. ಎಂಟನೆಯವರು ಕೂತ ಮೇಲೆ ಯೋಜನಾಧಿಕಾರಿ ಹಿಂದೆ ತಿರುಗಿ, "ನಮ್ಮ ಅಕ್ಕ ಜಾಗ ನೋಡಿದಾರೆ, ಅವರು ಮಾತಾಡಲಿ," ಅಂದ.

ನೋಟಿಸಕ್ಕ ಎದ್ದಳು. ಬರೆದುಕೊಂಡು ಬಂದ ಚೀಟಿ ಚೀಲದಲ್ಲೇ ಉಳಿಯಿತು. ಇಷ್ಟು ದಿನ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನೇ ಕೇಳಿಬಿಟ್ಟಳು: "ನೀವೆಲ್ಲ ಬಸ್ ಸ್ಟಾಪಿಗೆ ಯಾವ ಕಡೆಯಿಂದ ಹೋಗ್ತೀರಿ?"

ಯಾರೋ ಕೆಮ್ಮಿದರು. ಕೊನೆಯ ಸಾಲಿನಲ್ಲಿ ಯಾರಿಗೋ ನಗು ತಡೆಯಲಾಗಲಿಲ್ಲ, ಅದು ಸಾಲಿನಿಂದ ಸಾಲಿಗೆ ಹರಡಿತು. ಅಜ್ಜಿ ಎದ್ದು, "ಹೂಂ ಕಣಮ್ಮಾ, ಅಲ್ಲಿಂದ್ಲೇ ಹೋಗ್ತೀವಿ, ಏನ್ ಮಾಡ್ತೀಯ ಮಾಡು," ಅಂದಳು.

"ಅಯ್ಯೋ, ಅದಕ್ಕಾ!" ಅಂತ ಬಡಗಿ ಎದ್ದುನಿಂತ. "ಬಾಯಿಬಿಟ್ಟು ಹೇಳಬಾರದಾ? ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು, ಜನಕ್ಕೆ ನಾನೇನು ಮಾಡಿದ್ನಪ್ಪಾ ಅಂತ ಯೋಚಿಸ್ತಿದ್ದೆ. ಓಡಾಡೋರು ಕುರ್ಚಿ ಮೇಜು ನೋಡ್ಕೊಂಡು ಹೋದ್ರೆ ನನಗೇ ಒಳ್ಳೇದು. ಆ ಬಾವಿ ಜಾಗ ನನಗಂತೂ ಬೇಡ. ಷೆಡ್ಡು ಒಂದು ಪಕ್ಕಕ್ಕೆ ಸರಿಸ್ತೀನಿ, ದಾರಿ ಇದ್ದಲ್ಲೇ ಇರಲಿ."

ಎಲ್ಲರೂ ಇನ್ನೇನು ಎದ್ದು ಹೊರಡಬೇಕು, ಅಷ್ಟರಲ್ಲಿ ಬಾಗಿಲ ಬಳಿ ಗೋಡೆಗೆ ಒರಗಿ ಅರೆನಿದ್ದೆಯಲ್ಲಿದ್ದ ಒಬ್ಬ ಹೆಂಗಸು ಕೈ ಎತ್ತಿದಳು. ಆಸ್ಪತ್ರೆಯ ನರ್ಸು. ಅವಳ ಮನೆಗೂ ನಿವೇಶನಕ್ಕೂ ಒಂದೇ ಗೋಡೆ.

"ಎಲ್ಲರದ್ದೂ ದಾರಿಯ ತಕರಾರು ಇರಬಹುದು," ಅಂದಳು. "ನನ್ನದು ಮಾತ್ರ ನಿಜವಾಗ್ಲೂ ಸದ್ದಿನದೇ. ನಂದು ರಾತ್ರಿ ಪಾಳಿ. ನಾನು ಮಲಗೋದೇ ಬೆಳಿಗ್ಗೆ."

ನೋಟಿಸಕ್ಕ ನಾಚಿ ತಲೆತಗ್ಗಿಸಿದಳು. ಮೂವತ್ತೆಂಟೂ ಒಂದೇ ಎಂದು ಒಟ್ಟಿಗೆ ಪೋಣಿಸಿದವಳು ತಾನೇ. ಒಂದೊಂದನ್ನೂ ಬೇರೆಯಾಗಿ ಓದಬೇಕಿತ್ತು. ಮನೆಗೆ ಹೋಗಿ ಗಂಡನ ಮುಂದೆ ಅದನ್ನೇ ಹೇಳಿಕೊಂಡಳು, ತಾನು ಕಂಡುಹಿಡಿದದ್ದನ್ನು ಹೇಳುವ ಮೊದಲು.

ಸಮಿತಿ ಅನುಮತಿ ಕೊಟ್ಟಿತು, ಷರತ್ತು ಹಾಕಿ: ನರ್ಸಿನ ಕಡೆಗೆ ಎರಡು ಪದರದ ಗೋಡೆ, ಮಧ್ಯಾಹ್ನ ಎರಡರವರೆಗೆ ಗರಗಸ ಬಂದ್, ಅಲ್ಲಿಯವರೆಗೆ ಕೈಗೆಲಸ ಮಾತ್ರ. ಕಾಲುದಾರಿಯನ್ನು ಆ ವರ್ಷದ ಬಡಾವಣೆ ಸುಧಾರಣಾ ಯೋಜನೆಗೆ ಸೇರಿಸಿದರು. ಅದಕ್ಕೊಂದು ಸಂಖ್ಯೆ ಸಿಕ್ಕಿತು, ಹಾಸುಗಲ್ಲು ಬಂತು, ಗಾಲಿಕುರ್ಚಿಗೆ ಇಳಿಜಾರು ಬಂತು. ದೀಪದ ಕಂಬ ಯಾರ ಕಿಟಕಿಯ ಎದುರು ನಿಲ್ಲಬೇಕು ಎನ್ನುವುದಕ್ಕೆ ಮಾತ್ರ ಮೂರು ಸಭೆ ಹಿಡಿಯಿತು. ಅಜ್ಜಿ ಗೆದ್ದಳು. ಕಂಬ ಅವಳ ಮೆಟ್ಟಿಲ ಎದುರೇ ನಿಂತಿತು, ಗುಂಡಿ ಹೊಲಿಯಲು ಬೆಳಕಾಗಲೆಂದು.

ಕಚೇರಿಯಲ್ಲೂ ಒಂದು ಬದಲಾವಣೆ ಆಯಿತು. ಸ್ಥಳ ಪರಿಶೀಲನೆಯ ನಮೂನೆಗೆ ಹೊಸ ಸಾಲು ಬಿತ್ತು: ಇಲ್ಲಿ ಜನ ಓಡಾಡುತ್ತಾರೆಯೇ, ಯಾವ ಹೊತ್ತಿಗೆ, ಎಷ್ಟು ಮಂದಿ? ಅದನ್ನು ತುಂಬಲು ನೋಟಿಸಕ್ಕನನ್ನೇ ಕಳಿಸತೊಡಗಿದರು, ರಜೆ ಹಾಕದೆಯೇ. ತಗಡಿನ ಕೊಳವೆಯ ನಕ್ಷೆಗಳ ಚುಕ್ಕೆಗಳನ್ನೂ ಕಂಪ್ಯೂಟರಿಗೆ ಏರಿಸಲು ಹೊಸ ಎಂಜಿನಿಯರ್ ಒಬ್ಬಳು ಬಂದಳು, ಗುರುತು ಅರ್ಥವಾಗದಾಗ ಕೆಳಮಹಡಿಗೆ ಇಳಿದು, "ಅಕ್ಕಾ, ಇದೇನು?" ಎಂದು ಕೇಳುವಳು.

ಷೆಡ್ಡು ಶುರುವಾಗಿ ಎರಡು ತಿಂಗಳ ಮೇಲೆ ನೋಟಿಸಕ್ಕ ಯಾರೂ ಹೇಳದೆ ತಾನಾಗಿ ನರ್ಸಿನ ಮನೆಗೆ ಹೋದಳು. ಷರತ್ತು ಕಾಗದದಲ್ಲಿದೆ, ಆದರೆ ನಿದ್ದೆ? ಅದನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ಮೂರಾಗಿತ್ತು. ಗೋಡೆಯಾಚೆ ಗರಗಸ ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು.

"ನಿದ್ದೆ ಬರುತ್ತಾ?" ಅಂತ ಕೇಳಿದಳು.

"ಬರುತ್ತೆ ಅಕ್ಕಾ. ಎರಡಕ್ಕೆ ಗರಗಸ ಶುರುವಾದ್ರೆ ಅದೇ ನನಗೆ ಅಲಾರಂ," ಅಂದಳು ನರ್ಸು, ಆಕಳಿಸುತ್ತಾ. "ಒಳಗೆ ಬನ್ನಿ. ಬಡಗಿಗೆ ರಜಾ ಇದ್ದ ದಿನ ಮಾತ್ರ ನಾನು ಡ್ಯೂಟಿಗೆ ಲೇಟು."