ಫೋರ್‌ಮನ್ ನೀಲಕಂಠಪ್ಪನವರು ಮತ್ತು ಓಟಕ್ಕೆ ಹೋಗದ ಕಾರು

ಮುಂಬಯಿಯ ಮೋಟಾರು ಕಸುಬಿನಲ್ಲಿ ಕನ್ನಡಿಗರ ಹೆಸರನ್ನು ಬೋರ್ಡುಗಳ ಮೇಲೆ ಹುಡುಕಿದರೆ ಸಿಗುವುದು ಅಪರೂಪ. ಬಾನೆಟ್ಟಿನ ಕೆಳಗೆ ಬಗ್ಗಿದ ಬೆನ್ನುಗಳಲ್ಲಿ ಹುಡುಕಬೇಕು. ಅಂಥ ಬೆನ್ನುಗಳಲ್ಲಿ ಬಹುಕಾಲ ಬಗ್ಗಿದ್ದು ಘಾಟ್ಕೋಪರಿನ ಪ್ರಭಾತ್ ಮೋಟಾರ್ ವರ್ಕ್ಸಿನ ಫೋರ್‌ಮನ್ ಶ್ರೀ ನೀಲಕಂಠಪ್ಪನವರದು. ಪೆಟ್ರೋಲು ಮತ್ತು ಗಾಳಿಯನ್ನು ಹದವಾಗಿ ಬೆರೆಸುವ ಕಾರ್ಬ್ಯುರೇಟರಿನ ವಿಷಯದಲ್ಲಿ ಕುರ್ಲಾದಿಂದ ಠಾಣೆಯವರೆಗೆ ಅವರದೇ ಕೊನೆಯ ಮಾತಾಗಿತ್ತು. ಮೂವತ್ತೆರಡು ವರ್ಷಗಳ ದುಡಿಮೆಯ ನಂತರ ಈ ೧೯೫೮ರ ಮಾರ್ಚಿನಲ್ಲಿ ಅವರು ವಿಶ್ರಾಂತರಾಗುತ್ತಿರುವುದು ಗೆಳೆಯರಾದ ನಮಗೆಲ್ಲ ಸಂತೋಷವನ್ನೂ ಒಂದಿಷ್ಟು ಸಂಕಟವನ್ನೂ ಒಟ್ಟಿಗೇ ತಂದಿದೆ.

ಬೈಲಹೊಂಗಲದ ಕಡೆಯಿಂದ ಬಂದ ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಬಿಡಿಭಾಗಗಳ ಪಟ್ಟಿಯನ್ನೇ ಪಾಠಪುಸ್ತಕ ಮಾಡಿಕೊಂಡು ಆ ಲಿಪಿ ಕಲಿತರು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿ ಬಂದು ಕೆಲಸಗಾರರನ್ನು ಬಿಡಿಸುವ ಮಾತೆದ್ದಾಗ, ತಮ್ಮ ವಾರದ ಮೂರು ದಿನಗಳನ್ನು ಉಳಿದವರಿಗೆ ಬಿಟ್ಟುಕೊಟ್ಟು, ಆ ಮೂರು ದಿನ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮೂಟೆ ಹೊತ್ತರು. ಹಾಗೆ ಉಳಿದವರಲ್ಲಿ ಒಬ್ಬರು ಉಡುಪಿ ಕಡೆಯ ಮೋನಪ್ಪ. ಹೋಟೆಲಿನ ಕೆಲಸ ಬಿಟ್ಟು ಗ್ಯಾರೇಜಿಗೆ ಬಂದವರು.

ಅದೇ ಮೋನಪ್ಪನವರ ಬಲಗೈ ೧೯೪೯ರಲ್ಲಿ ಮೊಣಕೈವರೆಗೆ ಸುಟ್ಟಿತು. ಗಿರಾಕಿಯೊಬ್ಬರ ಹಟಕ್ಕೆ ಮಣಿದು ನೀಲಕಂಠಪ್ಪನವರು ಹೊಂದದ ಮ್ಯಾನಿಫೋಲ್ಡೊಂದನ್ನು, ಅಂದರೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಇಂಜಿನ್ನಿಗೆ ಒಯ್ಯುವ ಕೊಳವೆಯನ್ನು, ಹೇಗೋ ಕೂಡಿಸಿದ್ದರು. ಸಂದಿಯಿಂದ ಗಾಳಿ ನುಗ್ಗಿ ಬೆಂಕಿ ಹಿಂದಕ್ಕೆ ಚಿಮ್ಮಿತು. ಮೋನಪ್ಪನವರು ಎಂದೂ ಆ ಮಾತೆತ್ತಲಿಲ್ಲ. ಆದರೆ ಅವರು ತೋಳು ಮಡಚಿದಾಗಲೆಲ್ಲ ನೀಲಕಂಠಪ್ಪನವರು ಮುಖ ತಿರುಗಿಸುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ.

ಕಳೆದ ವರ್ಷದ ಜನವರಿಯಲ್ಲಿ ವಿಜಾಪುರದಿಂದ ಬಂದು ಘಾಟ್ಕೋಪರಿನಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ ಚನ್ನಬಸಯ್ಯನವರು ಎರಡು ಸೀಟಿನ ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ಎಳೆಸಿಕೊಂಡು ಬಂದರು. ಊರಿಗೆ ಮರಳಿದ ಬಿಳಿಯನೊಬ್ಬ ಬಿಟ್ಟುಹೋದ, ಇಪ್ಪತ್ತು ವರ್ಷ ದಾಟಿದ ಗಾಡಿ. ಎರಡು ಕಾರ್ಬ್ಯುರೇಟರುಗಳೂ ಸವೆದಿದ್ದವು. ಮುಂದಿನ ಭಾನುವಾರ ಜುಹೂವಿನಲ್ಲಿ ಮೋಟಾರ್ ಓಟ. ಹಡಗಿನಲ್ಲಿ ಬಂದ ಪರಿಚಯಸ್ಥರಿಂದ ತರಿಸಿದ ದೊಡ್ಡ ಕಾರ್ಬ್ಯುರೇಟರುಗಳ ಜೋಡಿಯೊಂದನ್ನು ಅವರು ಮೇಜಿನ ಮೇಲಿಟ್ಟರು.

ನೀಲಕಂಠಪ್ಪನವರು ಅಳೆದು ನೋಡಿ ತಲೆಯಾಡಿಸಿದರು. "ಇವು ಆಗಂಗಿಲ್ರಿ. ಮ್ಯಾನಿಫೋಲ್ಡ್ ತೂತು ಸಣ್ಣದೈತಿ. ಕೊರದು ದೊಡ್ಡದು ಮಾಡಿದ್ರ ಗ್ವಾಡಿ ತೆಳ್ಳಗಾಗಿ ಸೀಳತೈತಿ. ಸೀಳಿದಲ್ಲೆ ಗಾಳಿ ಹೊಕ್ಕು ಬೆಂಕಿ ಹಿಂದಕ್ಕ ಹೊಡೀತೈತಿ."

"ಓಡಿಸಾಂವ ನಾ ಇದ್ದೀನಿ, ಸುಟ್ರ ನಾ ಸುಡ್ತೀನಿ. ನೀವ್ ಹಾಕಿ ಕೊಡ್ರಿ," ಎಂದರು ಚನ್ನಬಸಯ್ಯನವರು.

"ನೀವು ಸುಡೂದಕ್ಕೂ ನಾ ಒಪ್ಪಂಗಿಲ್ರಿ."

ಗಿರಾಕಿಯ ಮಾತು ನಡೆಯದಿದ್ದರೆ ಬೇರೆ ಫೋರ್‌ಮನ್ ಹುಡುಕುವುದಾಗಿ ಮಾಲೀಕರು ಹೇಳಿಕಳಿಸಿದರು. ಐವತ್ನಾಲ್ಕರ ನೀಲಕಂಠಪ್ಪನವರಿಗೆ ವಾದಿಸುವ ತ್ರಾಣವೂ ಇರಲಿಲ್ಲ. ಆ ದೊಡ್ಡ ಜೋಡಿಯನ್ನು ಹಾಕದೆಯೇ ಗಾಡಿಯನ್ನು ಓಟಕ್ಕೆ ಅಣಿಮಾಡಲೆಂದು ಎರಡು ದಿನ ಲೋಕಲ್ ಹತ್ತಿಳಿದು ಕುರ್ಲಾದ ಗುಜರಿಗಳನ್ನೂ ಗ್ರಾಂಟ್ ರೋಡಿನ ಹಳೇ ಸಾಮಾನಿನ ಅಂಗಡಿಗಳನ್ನೂ ಸೋಸಿದರು. ಹೊರದೇಶದ ಬಿಡಿಭಾಗ ಸಲೀಸಾಗಿ ಸಿಗುವ ಕಾಲ ಅದಲ್ಲ. ಕೊನೆಗೆ ಒಂದು ಮುರುಕು ಗಾಡಿಯಿಂದ ಸರಿಯಳತೆಯ ಜೋಡಿ ಸಿಕ್ಕಿತು. ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸೂಜಿಗಳನ್ನು ಡಬ್ಬಿಯೊಂದರಿಂದ ಆರಿಸಿಕೊಂಡರು. ಮ್ಯಾನಿಫೋಲ್ಡಿನ ಮುಖವನ್ನು ಗಾಜಿನ ಮೇಲೆ ತಿಕ್ಕಿ ಸಮ ಮಾಡಿ, ಸಂದಿಗೆ ತೆಳ್ಳನೆಯ ಪ್ಯಾಕಿಂಗ್ ಕತ್ತರಿಸಿಟ್ಟು, ಮಣಿಕಟ್ಟು ನೋಯುವಷ್ಟು ಹೊತ್ತು ಬಿಗಿದರು. ಶುಕ್ರವಾರ ಇಂಜಿನ್ ಹತ್ತಿತು. ಚನ್ನಬಸಯ್ಯನವರು ಸ್ವತಃ ಒಂದು ಸುತ್ತು ಓಡಿಸಿ ಬಂದು, ಎಲ್ಲರಿಗೂ ಚಹಾ ತರಿಸಿದರು.

ಶನಿವಾರ ಬೆಳಗ್ಗೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒರೆಸುತ್ತಿದ್ದ ಮೋನಪ್ಪನವರು ಮೆಲ್ಲಗೆ ಕರೆದರು. "ಇಲ್ಲಿ ಸ್ವಲ್ಪ ನೋಡಿ ಮಾರಾಯ್ರೆ. ಮುಂದಿನ ಎರಡು ಕಂದು ಉಂಟು, ಹಿಂದಿನ ಎರಡು ಬೆಳ್ಳಗೆ."

ಬೆಳ್ಳಗಾದ ಪ್ಲಗ್ಗೆಂದರೆ ಪೆಟ್ರೋಲು ಸಾಲದೆ ಅತಿಯಾಗಿ ಕಾದದ್ದು. ಓಟದ ವೇಗಕ್ಕೆ ಹೋದರೆ ಪಿಸ್ಟನ್ನೇ ತೂತಾಗಬಹುದು. ಸೂಜಿಗಳನ್ನು ಹೊರತೆಗೆದರು. ಕೂದಲೆಳೆಯಂತೆ ಕೊರೆದಿದ್ದ ಅಕ್ಷರವನ್ನು ನೀಲಕಂಠಪ್ಪನವರು ಬೆಳಕಿಗೆ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಕೊನೆಗೆ ಮೋನಪ್ಪನವರ ಕೈಗಿಟ್ಟರು. ಒಂದೇ ಇರಬೇಕಾಗಿದ್ದ ಅಕ್ಷರ ಎರಡರ ಮೇಲೂ ಬೇರೆ ಬೇರೆಯಾಗಿತ್ತು.

"ಎಷ್ಟು ದಿವ್ಸದಿಂದ ಕಾಣುದಿಲ್ಲ ನಿಮಗೆ?"

"ದೀಪಾವಳಿ ಹಿಂದಿಂದ," ಎಂದರು ನೀಲಕಂಠಪ್ಪನವರು. "ಚಾಳೀಸು ಬದಲ್ ಮಾಡ್ಸಿದ್ನೆಪಾ, ಆದ್ರೂ ಕಾಣವಲ್ದು."

ಅಂದು ಇಡೀ ಊರು ಅಲೆದರೂ ಸರಿಯಾದ ಸೂಜಿ ಸಿಗಲಿಲ್ಲ. ಕೆಟ್ಟ ಪೆಟ್ರೋಲೆಂದೋ ಹಳೆಯ ಇಂಜಿನ್ನೆಂದೋ ಹೇಳಬಹುದಿತ್ತು. ಮಾಲೀಕರೂ ಹಾಗೆಯೇ ಸೂಚಿಸಿದರು. ನೀಲಕಂಠಪ್ಪನವರು ಕೈ ತೊಳೆದು ಚನ್ನಬಸಯ್ಯನವರ ಅಂಗಡಿಗೆ ನಡೆದುಹೋಗಿ, ಗಿರಾಕಿಗಳ ಮುಂದೆಯೇ ನಿಂತು ಹೇಳಿದರು: "ನಾಳೆ ಗಾಡಿ ಓಡಸಬ್ಯಾಡ್ರಿ. ಸೂಜಿ ತಪ್ಪ್ಯಾವು. ತಪ್ಪು ನಂದು. ಕಣ್ಣು ಕಾಣಂಗಿಲ್ರಿ ನನಗ."

"ನನ್ನ ದೊಡ್ಡ ಕಾರ್ಬ್ಯುರೇಟರ್ ಬ್ಯಾಡ ಅಂದ ಮನಶ್ಯಾ ನೀವಽ ಅಲ್ಲೇನು?" ಎಂದು ಚನ್ನಬಸಯ್ಯನವರು ಕೂಗಿದರು.

"ಹೌದ್ರಿ. ಅದು ಖರೇನ ಇತ್ತು. ಇದೂ ಖರೇನ ಐತಿ."

ಕಾರು ಓಟಕ್ಕೆ ಹೋಗಲಿಲ್ಲ. ಮೂರು ವಾರಗಳ ಮೇಲೆ ಸೂಜಿ ಸಿಕ್ಕಿತು. ಈ ಸಲ ಅಕ್ಷರ ಓದಿದವರು ಮೋನಪ್ಪ. ಗಾಡಿ ಒಯ್ಯಲು ಬಂದ ಚನ್ನಬಸಯ್ಯನವರು "ಕೂಡ್ರಿ, ಠಾಣೆ ಮಟಾ ಹೋಗಿ ಬರೂಣು," ಎಂದು ಪಕ್ಕದ ಬಾಗಿಲು ತೆರೆದರು. ಮುಲುಂಡ್ ದಾಟುವಷ್ಟರಲ್ಲಿ ಇಂಜಿನ್ನಿನ ಸದ್ದು ಎಷ್ಟು ಸಮನಾಗಿತ್ತೆಂದರೆ, ಕಿವಿಗೊಟ್ಟು ಕುಳಿತ ನೀಲಕಂಠಪ್ಪನವರು ಹಾಗೆಯೇ ನಿದ್ದೆಹೋದರು. ಎಬ್ಬಿಸಲು ಮನಸ್ಸಾಗದೆ ಚನ್ನಬಸಯ್ಯನವರು ಠಾಣೆಯಲ್ಲಿ ನಿಲ್ಲಿಸದೆಯೇ ಗಾಡಿ ತಿರುಗಿಸಿ ತಂದರು.

ಮರುದಿನವೇ ನೀಲಕಂಠಪ್ಪನವರು ಮಾಲೀಕರಿಗೆ ತಮ್ಮ ತೀರ್ಮಾನ ತಿಳಿಸಿದರು. ಮೋನಪ್ಪನವರನ್ನು ಫೋರ್‌ಮನ್ ಮಾಡಬೇಕು. ಒಂದು ವರ್ಷ ತಮ್ಮ ಕಿವಿಯೂ ಬೆರಳೂ ತಿಳಿದದ್ದನ್ನೆಲ್ಲ ಅವರಿಗೆ ಒಪ್ಪಿಸಿ ತಾವು ಹೊರಡುವುದಾಗಿ ಹೇಳಿದರು. ಹಾಗೆಯೇ ನಡೆದುಕೊಂಡರು. ಈ ಒಂದು ವರ್ಷದಲ್ಲಿ ಮೋನಪ್ಪನವರ ಸುಟ್ಟ ಕೈಯನ್ನು ಹಿಡಿದೇ ಹದ ಕಲಿಸಿದರು, ಮುಖ ತಿರುಗಿಸಲಿಲ್ಲ.

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯವನ್ನೂ ಇನ್ನಷ್ಟು ಸೇವೆಯನ್ನೂ ಹಾರೈಸುವುದು ವಾಡಿಕೆ. ಅವರ ಮನೆಯವರಾದ ರಾಚವ್ವನವರು ಮೊನ್ನೆ ಕಾಫಿ ಕೊಡುತ್ತ ಕೇಳಿಕೊಂಡರು: "ನೂರು ವರ್ಷ ಬಾಳಲಿ ಅಂತ ಬರೀರಿ. ಇನ್ನೂ ದುಡೀಲಿ ಅಂತ ಮಾತ್ರ ಬರೀಬ್ಯಾಡ್ರಿ. ಸಾಕಾಗೇತಿ ಅವ್ರಿಗೆ."

ನೀಲಕಂಠಪ್ಪನವರು ನೂರು ವರ್ಷ ಬಾಳಲಿ. ಏಪ್ರಿಲ್ ಒಂದರ ಬೆಳಗ್ಗೆ ಕೆಲಸಕ್ಕೆ ಕರೆಯುವ ಗ್ಯಾರೇಜಿನ ಭೋಂಗಾ ಕೂಗಿದಾಗ, ಮಗ್ಗುಲು ಬದಲಿಸಿ ಮಲಗಲಿ.